ಕಪ್ಪುಕುಳಿಯ ಲೆಕ್ಕ ಹಾಕಿದರೆ ನಮಗೇನು ಸಿಗುತ್ತದೆ?

2024ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರ ಎಡಿನ್‌ಬರಾದಲ್ಲಿ ಬರಬೇಕಿದ್ದ ಭಾರೀ ಸೂಪರ್‌ಕಂಪ್ಯೂಟರ್ ಯೋಜನೆಯನ್ನು ಕೈಬಿಟ್ಟಿತು. 80 ಕೋಟಿ ಪೌಂಡ್‌ನ ಯೋಜನೆ ಅದು. ಹಿಂದಿನ ಸರ್ಕಾರ ಘೋಷಣೆ ಮಾಡಿತ್ತೇ ಹೊರತು ದುಡ್ಡು ಎತ್ತಿಟ್ಟಿರಲಿಲ್ಲ ಎಂಬುದು ಹೊಸ ಸರ್ಕಾರದ ಮಾತು. ಹತ್ತು ತಿಂಗಳು ಕಳೆಯಿತು. 2025ರ ಜೂನ್‌ನಲ್ಲಿ ಅದೇ ಸರ್ಕಾರ ಮನಸ್ಸು ಬದಲಾಯಿಸಿ, 75 ಕೋಟಿ ಪೌಂಡ್‌ವರೆಗೆ ಕೊಡುವುದಾಗಿ ಹೇಳಿತು.

ಈ ಹಗ್ಗಜಗ್ಗಾಟ ಒಂದು ದೇಶದ್ದಷ್ಟೇ ಅಲ್ಲ. ಇಂಥ ಯಂತ್ರಕ್ಕೆ ದುಡ್ಡು ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಎಲ್ಲೋ ದೂರದ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಲೆಕ್ಕ ಹಾಕಿದರೆ ಸಾಮಾನ್ಯ ಜನರಿಗೆ ಏನು ಸಿಗುತ್ತದೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರವೂ ಇದೆ. ಆದರೆ ಅದನ್ನು ನೋಡಬೇಕಾದರೆ ಎಪ್ಪತ್ತು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು, ಖಗೋಳ ವಿಜ್ಞಾನಿಗಳಿಗೆ ಕಂಪ್ಯೂಟರ್ ಯಾಕೆ ಅಷ್ಟು ಬೇಕು ಎನ್ನುವುದನ್ನು ನೋಡೋಣ. ರಸಾಯನ ವಿಜ್ಞಾನಿ ಎರಡು ದ್ರವ ಬೆರೆಸಿ ಏನಾಗುತ್ತದೆ ಎಂದು ನೋಡಬಹುದು. ನಕ್ಷತ್ರವನ್ನು ಹಾಗೆ ಪ್ರಯೋಗಾಲಯಕ್ಕೆ ತರಲಾಗುವುದಿಲ್ಲ ಅಲ್ವಾ? ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾಗಲು ಕೋಟ್ಯಂತರ ವರ್ಷ ಬೇಕು. ನಮಗೆ ಕಾಣುವುದು ಆ ದೀರ್ಘ ಘಟನೆಯ ಒಂದೇ ಒಂದು ಕ್ಷಣ. ಮುಂದೇನು, ಹಿಂದೇನು ಎಂದು ತಿಳಿಯಲು ಲೆಕ್ಕ ಬಿಟ್ಟರೆ ಬೇರೆ ದಾರಿ ಇಲ್ಲ.

1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಈ ಲೆಕ್ಕಕ್ಕೆ ಬಲ್ಬುಗಳನ್ನು ಬಳಸಿದರು. ಒಂದೊಂದು ಗೆಲಾಕ್ಸಿಗೆ 37ರಂತೆ ಒಟ್ಟು 74 ಬಲ್ಬು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುರುತ್ವದ ಸೆಳೆತವೂ ಹಾಗೆಯೇ ಇಳಿಯುತ್ತದೆ. ಹಾಗಾಗಿ ಒಂದು ಬಲ್ಬಿನ ಜಾಗದಲ್ಲಿ ಎಷ್ಟು ಬೆಳಕು ಬೀಳುತ್ತಿದೆ ಎಂದು ಅಳೆದರೆ, ಅಲ್ಲಿ ಎಷ್ಟು ಸೆಳೆತ ಇದೆ ಎಂದು ಅಳೆದ ಹಾಗೆ. ಅಳೆಯುವುದು, ಬಲ್ಬನ್ನು ಸ್ವಲ್ಪ ಸರಿಸುವುದು, ಮತ್ತೆ ಅಳೆಯುವುದು. ಕೈಯಲ್ಲೇ ಮಾಡಿದ ಈ ಕೆಲಸದಿಂದ, ಹತ್ತಿರ ಹಾದುಹೋಗುವ ಗೆಲಾಕ್ಸಿಗಳ ಆಕಾರ ಎಳೆದಂತಾಗುತ್ತದೆ ಎಂದು ಅವರು ತೋರಿಸಿದರು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಇಂದಿನ ಸಿಮ್ಯುಲೇಶನ್‌ಗಳು, ಅಂದರೆ ಘಟನೆಯನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ಲೆಕ್ಕಗಳು, ಮಾಡುವುದೂ ಮೂಲದಲ್ಲಿ ಇದನ್ನೇ.

ಬದಲಾಗಿರುವುದು ಗಾತ್ರ. ಜರ್ಮನಿಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಮಿಲೆನಿಯಂ ಸಿಮ್ಯುಲೇಶನ್‌ನಲ್ಲಿ ಸುಮಾರು 1,000 ಕೋಟಿ ಕಣಗಳಿದ್ದವು. 512 ಪ್ರೊಸೆಸರ್‌ಗಳು ಹತ್ತಿರ ಹತ್ತಿರ ಒಂದು ತಿಂಗಳು ದುಡಿದವು. 2023ರ ಹೊತ್ತಿಗೆ ಇಂಗ್ಲೆಂಡಿನ ಡರ್ಹಮ್‌ನಲ್ಲಿರುವ ಯಂತ್ರದಲ್ಲಿ ಫ್ಲಮಿಂಗೊ ಎಂಬ ಸಿಮ್ಯುಲೇಶನ್ 30,000 ಕೋಟಿ ಕಣಗಳನ್ನು ಮುಟ್ಟಿತು. ಯಂತ್ರಗಳೂ ಹಾಗೆಯೇ ಬೆಳೆದಿವೆ. ಅಮೆರಿಕದ ಓಕ್ ರಿಡ್ಜ್‌ನ ಫ್ರಾಂಟಿಯರ್ 2022ರಲ್ಲಿ ಎಕ್ಸಾ ಮಟ್ಟ ದಾಟಿತು. ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆ ಇಟ್ಟಷ್ಟು ಲೆಕ್ಕ. ಭೂಮಿಯ 800 ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದು ಲೆಕ್ಕ ಮಾಡಿದರೂ, ಈ ಯಂತ್ರದ ಒಂದು ಸೆಕೆಂಡಿನ ಕೆಲಸ ಮುಗಿಸಲು ಸುಮಾರು ನಾಲ್ಕು ವರ್ಷ ಬೇಕು.

ಆದರೆ ಯಂತ್ರದ ವೇಗವೊಂದರಿಂದಲೇ ಇಷ್ಟು ದೂರ ಬಂದಿಲ್ಲ. 74 ಬಲ್ಬುಗಳಿದ್ದಾಗ ಜೋಡಿಗಳು 2,701 ಮಾತ್ರ. 1,000 ಕೋಟಿ ಕಣಗಳಿದ್ದರೆ ಪ್ರತಿಯೊಂದು ಜೋಡಿಯ ಸೆಳೆತವನ್ನೂ ಲೆಕ್ಕ ಹಾಕುತ್ತಾ ಕೂರುವುದು ಎಕ್ಸಾ ಯಂತ್ರಕ್ಕೂ ಭಾರವೇ, ಯಾಕೆಂದರೆ ಕಣಗಳು ಕದಲಿದ ಹಾಗೆಲ್ಲ ಅಷ್ಟೂ ಲೆಕ್ಕವನ್ನು ಮತ್ತೆ ಮಾಡಬೇಕು. 1986ರಲ್ಲಿ ಜೋಶ್ ಬಾರ್ನ್ಸ್ ಮತ್ತು ಪೀಟ್ ಹಟ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಒಂದು ಉಪಾಯ ಕೊಟ್ಟರು. ರಾತ್ರಿ ಗುಡ್ಡದ ಮೇಲೆ ನಿಂತು ನೋಡಿದರೆ ದೂರದ ಊರಿನ ದೀಪಗಳೆಲ್ಲ ಸೇರಿ ಒಂದೇ ಬೆಳಕಿನ ಮಚ್ಚೆಯಾಗಿ ಕಾಣುತ್ತವೆ. ಅದೇ ರೀತಿ ದೂರದ ಕಣಗಳ ಗುಂಪನ್ನು ಒಂದೇ ಮುದ್ದೆ ಎಂದು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ಹತ್ತಿರದವುಗಳನ್ನು ಮಾತ್ರ ಬಿಡಿಬಿಡಿಯಾಗಿ ನೋಡಿದರಾಯಿತು.

ಈ ಉಪಾಯ ನಕ್ಷತ್ರಗಳ ಜೊತೆಗೇ ಉಳಿಯಲಿಲ್ಲ. ಇಂದು ಜೀವಕೋಶಗಳನ್ನು ಅಧ್ಯಯನ ಮಾಡುವವರು ಲಕ್ಷಗಟ್ಟಲೆ ಕೋಶಗಳ ಮಾಹಿತಿಯನ್ನು ಚುಕ್ಕೆಗಳ ನಕ್ಷೆಯಾಗಿ ಬರೆಯುತ್ತಾರೆ. ಒಂದೇ ಬಗೆಯ ಕೋಶಗಳು ಅದರಲ್ಲಿ ಹತ್ತಿರ ಹತ್ತಿರ ಕೂರುತ್ತವೆ. ಅದಕ್ಕೆ ಬಹಳ ಜನ ಬಳಸುವ ಒಂದು ವಿಧಾನದ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವುದು ಬಾರ್ನ್ಸ್ ಮತ್ತು ಹಟ್ ಅವರ ಇದೇ ಉಪಾಯ. ಗೆಲಾಕ್ಸಿಗೆ ಹೊಲಿದ ಅಂಗಿ ಜೀವಕೋಶಕ್ಕೂ ಸರಿಹೋಯಿತು.

ಇಂಥ ಕಥೆ ಇದೊಂದೇ ಅಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಲ್ಯಾರಿ ಸ್ಮಾರ್ ಅವರದ್ದು. ಅವರು 1970ರ ದಶಕದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಲು ಹೊರಟವರು. ಐನ್‌ಸ್ಟೈನ್ ಸಮೀಕರಣಗಳು ಕಣ್ಣಮುಂದೆಯೇ ಇದ್ದವು. ಅವನ್ನು ಬಿಡಿಸಬಲ್ಲ ಯಂತ್ರ ಅಮೆರಿಕದ ವಿಶ್ವವಿದ್ಯಾಲಯಗಳ ಕೈಗೆ ಸಿಗುತ್ತಿರಲಿಲ್ಲ. ಆ ಯಂತ್ರಗಳು ಅಣ್ವಸ್ತ್ರ ಪ್ರಯೋಗಾಲಯಗಳಂಥ ಕಡೆ ಬೀಗದೊಳಗಿದ್ದವು. ಅಮೆರಿಕದಲ್ಲೇ ತಯಾರಾದ ಕ್ರೇ ಸೂಪರ್‌ಕಂಪ್ಯೂಟರ್ ಬಳಸಲು ಸ್ಮಾರ್ ಜರ್ಮನಿಗೆ ಹೋಗಬೇಕಾಯಿತು. ವಾಪಸ್ ಬಂದು, ವಿಜ್ಞಾನಿಗಳೆಲ್ಲ ಬಳಸುವಂಥ ಕೇಂದ್ರ ಬೇಕು ಎಂದು 1983ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಬರೆದರು. ಅದರ ಫಲವಾಗಿ 1986ರಲ್ಲಿ ಇಲಿನಾಯ್‌ನಲ್ಲಿ ಎನ್‌ಸಿಎಸ್‌ಎ ಎಂಬ ಸೂಪರ್‌ಕಂಪ್ಯೂಟರ್ ಕೇಂದ್ರ ಬಾಗಿಲು ತೆರೆಯಿತು.

ಅಲ್ಲಿ ಒಂದು ಹೊಸ ತೊಂದರೆ ಹುಟ್ಟಿಕೊಂಡಿತು. ಯಂತ್ರ ಇರುವುದು ಒಂದು ಕಡೆ, ಬಳಸುವವರು ನೂರಾರು ಕಡೆ. ಕಡತ, ಚಿತ್ರ, ಅಂಕಿಅಂಶ ಎಲ್ಲವನ್ನೂ ದೂರದಿಂದ ಸುಲಭವಾಗಿ ನೋಡುವ ದಾರಿ ಬೇಕಿತ್ತು. ಇಂಥ ಸಾಫ್ಟ್‌ವೇರ್ ಬರೆಯುವ ಹುಡುಗರ ತಂಡವೊಂದು ಆ ಕೇಂದ್ರದಲ್ಲಿ ಬೆಳೆಯಿತು. 1993ರಲ್ಲಿ ಅದೇ ಜಾಗದಿಂದ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ಎಂಬ ಬ್ರೌಸರ್ ಹೊರತಂದರು. ವೆಬ್ ಅದಕ್ಕೂ ಮೊದಲೇ ಇತ್ತು. ಅದೂ ಹುಟ್ಟಿದ್ದು ಸರ್ನ್ ಎಂಬ ಕಣ ಭೌತವಿಜ್ಞಾನದ ಪ್ರಯೋಗಾಲಯದಲ್ಲೇ. ಅದನ್ನು ಸಾಮಾನ್ಯ ಜನ ಮೌಸ್ ಒತ್ತಿ ಬಳಸುವ ಹಾಗೆ ಮಾಡಿದ್ದು, ಪುಟದೊಳಗೇ ಅಕ್ಷರದ ಜೊತೆ ಚಿತ್ರ ತೋರಿಸಿ ಜನರಿಗೆ ಹಿಡಿಸಿದ್ದು ಮೊಸಾಯಿಕ್. ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಟ್ಟಿದ್ದು ಇದೇ ತಂಡದವರು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಶುರುವಾಗಿದ್ದೂ ಮೊಸಾಯಿಕ್‌ನ ಪರವಾನಗಿ ಪಡೆದ ಕೋಡ್‌ನಿಂದ. ಲಕ್ಷಾಂತರ ವೆಬ್‌ಸೈಟ್‌ಗಳನ್ನು ಹೊತ್ತ ಅಪಾಚೆ ಸರ್ವರ್ ಬೆಳೆದದ್ದು ಎನ್‌ಸಿಎಸ್‌ಎ ಬರೆದ ಸರ್ವರ್‌ಗೆ ಹಾಕಿದ ತೇಪೆಗಳಿಂದ.

ಸರಿ, ಕಪ್ಪುಕುಳಿ ಏನಾಯಿತು? ಅದು ಸುಲಭಕ್ಕೆ ಬಗ್ಗಲಿಲ್ಲ. ಕಂಪ್ಯೂಟರಿನಲ್ಲಿ ಅದರ ಮೊದಲ ಪ್ರಯತ್ನ ನಡೆದದ್ದು 1964ರಲ್ಲಿ. ಮುಂದೆ ಪ್ರತಿ ತಲೆಮಾರಿನ ಯಂತ್ರದಲ್ಲೂ ಲೆಕ್ಕ ಸ್ವಲ್ಪ ದೂರ ಹೋಗಿ ಕುಸಿದು ಬೀಳುತ್ತಿತ್ತು. 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಎಂಬ ಭೌತವಿಜ್ಞಾನಿ ಮೊದಲ ಬಾರಿಗೆ ಎರಡು ಕಪ್ಪುಕುಳಿಗಳನ್ನು ಸುತ್ತಿಸಿ, ಸೇರಿಸಿ, ಅದರಿಂದ ಏಳುವ ಗುರುತ್ವ ಅಲೆಯ ಆಕಾರ ಹೊರತೆಗೆದರು. ಕೆಲವೇ ತಿಂಗಳಲ್ಲಿ ಇನ್ನೆರಡು ತಂಡಗಳು ಬೇರೆ ದಾರಿಯಲ್ಲಿ ಅದನ್ನೇ ಮಾಡಿದವು. ಹತ್ತು ವರ್ಷದ ಬಳಿಕ, 2015ರ ಸೆಪ್ಟೆಂಬರ್ 14ರಂದು, ಇಂಥ ಅಲೆಗಳನ್ನು ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೊ ಪತ್ತೆಯಂತ್ರಗಳಲ್ಲಿ ಒಂದು ಸಣ್ಣ ಕಂಪನ ದಾಖಲಾಯಿತು. ಅದನ್ನು ಲೆಕ್ಕದಿಂದ ಬಂದ ಆಕಾರಗಳ ಪಕ್ಕ ಇಟ್ಟು ನೋಡಿದ ಮೇಲೆ ಗೊತ್ತಾಯಿತು: ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಬೆಳಕಿನ ವರ್ಷ ದೂರದಲ್ಲಿ ಸೇರಿಹೋಗಿದ್ದವು. ಸುಮಾರು ಮೂರು ಸೂರ್ಯರಷ್ಟು ದ್ರವ್ಯ ಗುರುತ್ವ ಅಲೆಯಾಗಿ ಹರಿದುಹೋಗಿತ್ತು. ಲೆಕ್ಕ ಮೊದಲೇ ಸಿದ್ಧವಿಲ್ಲದಿದ್ದರೆ ಆ ಕಂಪನದಿಂದ ಇಷ್ಟು ಖಚಿತವಾಗಿ ಓದಲು ಆಗುತ್ತಿರಲಿಲ್ಲ.

ಬ್ರೌಸರ್ ಬೇಕು ಅಂತ ಯಾರೂ ಕಪ್ಪುಕುಳಿಯ ಲೆಕ್ಕ ಶುರುಮಾಡಲಿಲ್ಲ, ನಿಜ. ಇದನ್ನೆಲ್ಲ ಕಾಕತಾಳೀಯ ಎಂದು ತಳ್ಳಿಹಾಕಬಹುದು. ಆದರೆ ಉದಾಹರಣೆಗಳು ಒಂದಾದ ಮೇಲೊಂದು ಬರುತ್ತಲೇ ಇದ್ದರೆ ಅದರ ಹಿಂದೆ ಕಾರಣ ಇರಲೇಬೇಕು.

1953ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮೇನಿಯಾಕ್ ಕಂಪ್ಯೂಟರಿನಲ್ಲಿ ಐದು ಜನ ಒಂದು ಕೆಲಸ ಮಾಡಿದರು. ಅವರಲ್ಲಿ ನಿಕೋಲಸ್ ಮೆಟ್ರೊಪೊಲಿಸ್ ಹೆಸರು ಮಾತ್ರ ವಿಧಾನಕ್ಕೆ ಅಂಟಿಕೊಂಡಿತು. ಕೋಡ್ ಬರೆದವರು ಅರಿಯಾನಾ ರೋಸೆನ್‌ಬ್ಲುತ್. ಒತ್ತೊತ್ತಾಗಿರುವ ಕಣಗಳು ಹೇಗೆ ಹೊಂದಿಕೊಳ್ಳುತ್ತವೆ ಎಂಬುದು ಅವರ ಪ್ರಶ್ನೆ. ಎಲ್ಲ ಸಾಧ್ಯತೆಗಳನ್ನೂ ಎಣಿಸುವುದು ಆಗದ ಮಾತು. ಅದಕ್ಕೆ ಹೀಗೆ ಮಾಡಿದರು: ಕಣವನ್ನು ಸುಮ್ನೆ ಯಾವ ಕಡೆಗಾದರೂ ಸ್ವಲ್ಪ ಸರಿಸಿ ನೋಡುವುದು. ಶಕ್ತಿ ಕಡಿಮೆಯಾದರೆ ಅಲ್ಲೇ ಬಿಡುವುದು. ಜಾಸ್ತಿಯಾದರೆ ಪಗಡೆ ಉರುಳಿಸಿದ ಹಾಗೆ ಒಮ್ಮೊಮ್ಮೆ ಒಪ್ಪುವುದು, ಒಮ್ಮೊಮ್ಮೆ ವಾಪಸ್ ಇಡುವುದು. ಹೀಗೆ ಲಕ್ಷಾಂತರ ಸಲ ಮಾಡಿದರೆ ಸರಿಯಾದ ಸರಾಸರಿ ಸಿಗುತ್ತದೆ.

1987ರಲ್ಲಿ ನಾಲ್ವರು ಭೌತವಿಜ್ಞಾನಿಗಳು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಪರಮಾಣುವಿನ ನಡುವೆ ಇರುವ ಪ್ರೋಟಾನ್, ಅದರೊಳಗಿನ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳ ಲೆಕ್ಕಕ್ಕೆ ಸುಮ್ನೆ ತಡಕಾಡುವುದು ಸಾಲುತ್ತಿರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಚೆಂಡು ಉರುಳುವ ಹಾಗೆ ದಿಕ್ಕು ನೋಡಿಕೊಂಡು ದೂರ ಹೆಜ್ಜೆ ಇಡುವ ವಿಧಾನ ಅವರದ್ದು. 1990ರ ದಶಕದಲ್ಲಿ ರ‍್ಯಾಡ್‌ಫರ್ಡ್ ನೀಲ್ ಅದನ್ನು ಸಂಖ್ಯಾಶಾಸ್ತ್ರಕ್ಕೆ ತಂದರು. ಇಂದು ಸ್ಟ್ಯಾನ್ ಎಂಬ ಉಚಿತ ಸಾಫ್ಟ್‌ವೇರಿನ ಎಂಜಿನ್ ಇದೇ. ಔಷಧ ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಸೋಂಕು ಎಷ್ಟು ವೇಗದಲ್ಲಿ ಹಬ್ಬುತ್ತಿದೆ, ಮತದಾರರ ಒಲವು ಎತ್ತ ಇದೆ ಎಂದು ಅಂದಾಜು ಮಾಡುವವರು ಇದನ್ನು ದಿನನಿತ್ಯ ಬಳಸುತ್ತಾರೆ.

1977ರಲ್ಲಿ ನಕ್ಷತ್ರಗಳ ಲೆಕ್ಕಕ್ಕೆ ಇನ್ನೊಂದು ವಿಧಾನ ಹುಟ್ಟಿತು. ಅನಿಲದ ಮುದ್ದೆಯಾದ ನಕ್ಷತ್ರಕ್ಕೆ ಗಟ್ಟಿ ಅಂಚಿಲ್ಲ. ಚೌಕಗಳ ಬಲೆ ಹಾಸಿ ಲೆಕ್ಕ ಹಾಕಿದರೆ ಬಹುಪಾಲು ಚೌಕ ಖಾಲಿ ಇರುತ್ತವೆ. ಬಲೆಯನ್ನೇ ಬಿಟ್ಟು ಅನಿಲವನ್ನು ಹರಿದಾಡುವ ಮೃದು ಹನಿಗಳಾಗಿ ನೋಡೋಣ ಎಂದು ಲಿಯಾನ್ ಲೂಸಿ ಒಂದು ಕಡೆ, ಗಿಂಗೋಲ್ಡ್ ಮತ್ತು ಮೊನಾಘನ್ ಇನ್ನೊಂದು ಕಡೆ ಹೇಳಿದರು. ಚಿಮ್ಮುವ, ಒಡೆಯುವ, ಮತ್ತೆ ಸೇರುವ ನೀರಿಗೆ ಇದಕ್ಕಿಂತ ಹೊಂದುವ ವಿಧಾನ ಬೇಕೆ? ಅಣೆಕಟ್ಟು ಒಡೆದರೆ ನೀರು ಹೇಗೆ ನುಗ್ಗುತ್ತದೆ, ಸಮುದ್ರದ ಅಲೆ ತಡೆಗೋಡೆಗೆ ಹೇಗೆ ಬಡಿಯುತ್ತದೆ ಎಂದು ನೋಡಲು ಎಂಜಿನಿಯರುಗಳು ಈಗ ಇದನ್ನೇ ಓಡಿಸುತ್ತಾರೆ.

ಹೀಗೆ ಮತ್ತೆ ಮತ್ತೆ ಆಗಲು ಕಾರಣವೇನು? ನನಗೆ ಅನ್ನಿಸುವುದು ಇಷ್ಟು. ಭೌತವಿಜ್ಞಾನದ ಪ್ರಶ್ನೆಗಳು ಇರುವ ಯಂತ್ರಕ್ಕೆ ಯಾವಾಗಲೂ ಸ್ವಲ್ಪ ಜಾಸ್ತಿಯೇ ಭಾರವಾಗಿರುತ್ತವೆ. ಹಾಗಾಗಿ ಹೊಸ ಉಪಾಯ ಹುಡುಕಲೇಬೇಕು. ಜೊತೆಗೆ, ಅಲ್ಲಿ ತಪ್ಪು ಲೆಕ್ಕ ಸಿಕ್ಕಿಬೀಳುತ್ತದೆ. ಒಟ್ಟು ಶಕ್ತಿ ಶುರುವಿನಲ್ಲಿ ಇದ್ದಷ್ಟೇ ಕೊನೆಯಲ್ಲೂ ಇರಬೇಕು. ಇಲ್ಲದಿದ್ದರೆ ಕೋಡ್‌ನಲ್ಲೋ ಯಂತ್ರದಲ್ಲೋ ದೋಷವಿದೆ. ಪ್ರೋಟಾನಿನ ತೂಕವನ್ನು ಪ್ರಯೋಗದಲ್ಲಿ ಬಹಳ ನಿಖರವಾಗಿ ಅಳೆದಿದ್ದಾರೆ. ಲೆಕ್ಕ ಅದಕ್ಕೆ ಹೊಂದಲೇಬೇಕು. ಇಷ್ಟು ಕಷ್ಟದ, ಇಷ್ಟು ಸುಲಭವಾಗಿ ಒರೆಗೆ ಹಚ್ಚಬಹುದಾದ ಸಮಸ್ಯೆ ಬೇರೆ ಕಡೆ ಅಪರೂಪ. ಇಲ್ಲಿ ಪಳಗಿದ ವಿಧಾನವನ್ನು ಬೇರೆಯವರು ನಂಬಿ ತೆಗೆದುಕೊಳ್ಳಬಹುದು.

ಪ್ರೋಟಾನಿನ ಮಾತು ಬಂತಲ್ಲ, ಅದನ್ನು ಪೂರ್ತಿ ಹೇಳಬೇಕು. ಪ್ರೋಟಾನಿನಲ್ಲಿರುವ ಮೂರು ಕ್ವಾರ್ಕ್‌ಗಳ ತೂಕ ಕೂಡಿಸಿದರೆ ಪ್ರೋಟಾನಿನ ತೂಕದ ಶೇ. 1ರಷ್ಟು ಮಾತ್ರ ಬರುತ್ತದೆ. ಉಳಿದದ್ದೆಲ್ಲ ಕ್ವಾರ್ಕ್‌ಗಳ ಓಡಾಟ ಮತ್ತು ಅವನ್ನು ಕಟ್ಟಿಹಿಡಿದ ಬಲದ ಶಕ್ತಿ. ಅಂದರೆ ನಮ್ಮ ಮೈತೂಕದ ಬಹುಪಾಲು ಶಕ್ತಿಯೇ. ಇದನ್ನು ಸಮೀಕರಣದಿಂದ ನೇರವಾಗಿ ಲೆಕ್ಕ ಹಾಕಿ ತೋರಿಸಲು 2008ರವರೆಗೆ ಕಾಯಬೇಕಾಯಿತು. ಯೂರೋಪಿನ ತಂಡವೊಂದು ಜರ್ಮನಿಯ ಯೂಲಿಶ್‌ನ ಬ್ಲೂ ಜೀನ್ ಯಂತ್ರದಲ್ಲಿ ಅದನ್ನು ಮಾಡಿತು. ಆ ಬ್ಲೂ ಜೀನ್ ಯಂತ್ರದ ಹುಟ್ಟಿನಲ್ಲೂ ಕ್ವಾರ್ಕ್‌ಗಳ ಪಾಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಈ ಲೆಕ್ಕಕ್ಕೆಂದೇ ತಾವೇ ಕಂಪ್ಯೂಟರ್ ಕಟ್ಟುತ್ತಿದ್ದರು. ಸಾಧಾರಣ ವೇಗದ, ಕಡಿಮೆ ವಿದ್ಯುತ್ ಕುಡಿಯುವ ಸಾವಿರಾರು ಚಿಪ್‌ಗಳನ್ನು ಒತ್ತಾಗಿ ಜೋಡಿಸುವುದು ಅವರ ದಾರಿ. ಆ ತಂಡದ ಆಲನ್ ಗಾರಾ ಐಬಿಎಂ ಸೇರಿ ಬ್ಲೂ ಜೀನ್‌ನ ಮುಖ್ಯ ವಿನ್ಯಾಸಕಾರರಾದರು. 2004ರ ನವೆಂಬರ್‌ನಲ್ಲಿ ಬ್ಲೂ ಜೀನ್ ಜಗತ್ತಿನ ಅತಿ ವೇಗದ ಯಂತ್ರವಾಯಿತು.

ಇನ್ನು ಈ ಯಂತ್ರಗಳ ಸುತ್ತ ಪಳಗಿದ ಜನರ ವಿಷಯ. 2020ರಲ್ಲಿ ಕೋವಿಡ್ ಬಂದಾಗ ಡರ್ಹಮ್‌ನ ವಿಶ್ವವಿಜ್ಞಾನಿಗಳು ಮತ್ತು ಕಣ ಭೌತವಿಜ್ಞಾನಿಗಳು ತಮ್ಮ ಕೆಲಸ ಪಕ್ಕಕ್ಕಿಟ್ಟು, ಸೋಂಕು ಹೇಗೆ ಹಬ್ಬುತ್ತದೆ ಎಂದು ನೋಡುವ ಒಂದು ಕಂಪ್ಯೂಟರ್ ಮಾದರಿ ಬರೆದರು. ಹೆಸರು ಜೂನ್. ಮನುಷ್ಯರಿಗೆ ತಗಲುವ ಕೊರೊನಾ ವೈರಸ್ಸನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡ ಜೂನ್ ಅಲ್ಮೇಡಾ ಅವರ ನೆನಪಿಗೆ ಇಟ್ಟದ್ದು. ಇಂಗ್ಲೆಂಡಿನ ಸುಮಾರು 5.3 ಕೋಟಿ ಜನರನ್ನು ಒಬ್ಬೊಬ್ಬರನ್ನಾಗಿ, ಅವರ ಮನೆ, ಕೆಲಸ, ಶಾಲೆ, ಓಡಾಟದ ಸಮೇತ ಅದು ಲೆಕ್ಕಕ್ಕೆ ತೆಗೆದುಕೊಂಡಿತು. ಲೆಕ್ಕ ಓಡಿದ್ದು ಗೆಲಾಕ್ಸಿಗಳ ಸಿಮ್ಯುಲೇಶನ್ ನಡೆಯುವ ಯಂತ್ರದಲ್ಲೇ. ಬಳಿಕ ವಿಶ್ವಸಂಸ್ಥೆಯ ಜೊತೆ ಸೇರಿ, ಬಾಂಗ್ಲಾದೇಶದ ಕಾಕ್ಸ್ ಬಜಾರ್ ನಿರಾಶ್ರಿತರ ಶಿಬಿರಗಳಿಗೂ ಅದೇ ಮಾದರಿಯನ್ನು ಹೊಂದಿಸಿದರು. ಕಲಿಕಾ ಕೇಂದ್ರ ತೆರೆದರೆ ಏನಾಗುತ್ತದೆ, ಮಾಸ್ಕ್ ಹಾಕಿದರೆ ಎಷ್ಟು ತಡೆಯಬಹುದು ಎಂದು ನೋಡಿದರು. ಕೋಟ್ಯಂತರ ಕಣಗಳ ಜಾಡು ಹಿಡಿಯುವುದು ಗೊತ್ತಿದ್ದವರಿಗೆ ಕೋಟ್ಯಂತರ ಜನರ ಜಾಡು ಹಿಡಿಯುವುದು ತೀರಾ ಹೊಸ ವಿದ್ಯೆಯಾಗಿರಲಿಲ್ಲ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಫ್ರಾಂಟಿಯರ್ ಪೂರ್ತಿ ಓಡುವಾಗ 20 ಮೆಗಾವಾಟ್‌ಗಿಂತ ಜಾಸ್ತಿ ವಿದ್ಯುತ್ ಬೇಕು. ಫಿನ್ಲೆಂಡಿನ ಕಜಾನಿ ಪಟ್ಟಣದಲ್ಲಿ ಇದಕ್ಕೆ ಒಂದು ಒಳ್ಳೆಯ ದಾರಿ ಹುಡುಕಿದ್ದಾರೆ. ಅಲ್ಲಿ ಹಳೆಯ ಕಾಗದ ಕಾರ್ಖಾನೆಯ ಜಾಗದಲ್ಲಿ ಲೂಮಿ ಯಂತ್ರ ಕೂತಿದೆ. ಜಲವಿದ್ಯುತ್ತಿನಿಂದ ಓಡುತ್ತದೆ. ಅದರ ಬಿಸಿ ಊರಿನ ಮನೆಗಳನ್ನು ಬೆಚ್ಚಗಿಡಲು ಹೋಗುತ್ತದೆ. ಊರಿಗೆ ಬೇಕಾದ ಶಾಖದಲ್ಲಿ ಸುಮಾರು ಶೇ. 20ರಷ್ಟು ಅದರಿಂದಲೇ ಸಿಗುತ್ತದೆ ಎಂಬುದು ಯೋಜನೆಯ ಲೆಕ್ಕ. ಎಲ್ಲ ಕಡೆಯೂ ಇಂಥ ಅನುಕೂಲ ಇರುವುದಿಲ್ಲ. ಇರುವ ಕಡೆ ಯಂತ್ರ ಕೂರಿಸುವುದು ಜಾಣತನ.

ವಿದ್ಯುತ್ತಿಗಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಈಗಿನ ಚಿಪ್‌ಗಳ ದಿಕ್ಕು. ಎಐ ಬಂದ ಮೇಲೆ ಚಿಪ್ ತಯಾರಕರ ಗಮನವೆಲ್ಲ ಅತ್ತ ಹೋಗಿದೆ. ಎಐಗೆ 8 ಬಿಟ್, 4 ಬಿಟ್‌ನ ಒರಟು ಸಂಖ್ಯೆಗಳೇ ಎಷ್ಟೋ ಸಲ ಸಾಕು. ಭೌತವಿಜ್ಞಾನದ ಬಹಳಷ್ಟು ಲೆಕ್ಕಗಳಿಗೆ 64 ಬಿಟ್, ಅಂದರೆ ಸುಮಾರು 16 ಅಂಕಿಗಳ ನಿಖರತೆ ಬೇಕು. ಲಕ್ಷಾಂತರ ಹೆಜ್ಜೆಗಳ ಲೆಕ್ಕದಲ್ಲಿ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಸೇರುತ್ತಾ ಹೋಗಿ ಗ್ರಹದ ಕಕ್ಷೆಯನ್ನೇ ಹಾಳುಮಾಡಬಹುದು. ಚಿಪ್‌ನ ಜಾಗ ಒರಟು ಸಂಖ್ಯೆಗಳಿಗೆ ಹೋದಷ್ಟೂ ನಿಖರ ಲೆಕ್ಕಕ್ಕೆ ಜಾಗ ಕಡಿಮೆ. ಎಐ ಬೇಡ ಎಂದು ನಾನು ಹೇಳುತ್ತಿಲ್ಲ. ಗೆಲಾಕ್ಸಿಗಳನ್ನು ಗುರುತಿಸಲು, ಸಿಮ್ಯುಲೇಶನ್‌ಗಳನ್ನು ಚುರುಕುಗೊಳಿಸಲು ಖಗೋಳ ವಿಜ್ಞಾನಿಗಳೇ ಅದನ್ನು ಬಳಸುತ್ತಿದ್ದಾರೆ. ಚಿಲಿಯ ರೂಬಿನ್ ವೀಕ್ಷಣಾಲಯ ರಾತ್ರಿಗೆ ಸುಮಾರು 20 ಟೆರಾಬೈಟ್ ಚಿತ್ರ ತೆಗೆಯುವ ಹಾಗೆ ಕಟ್ಟಿದ್ದು. ಅಷ್ಟನ್ನು ಮನುಷ್ಯರು ಕೂತು ನೋಡಲು ಆಗುವುದಿಲ್ಲ. ಆದರೆ ಸಾರ್ವಜನಿಕ ದುಡ್ಡಿನಲ್ಲಿ ಕೊಳ್ಳುವ ಯಂತ್ರದಲ್ಲಿ ನಿಖರ ಲೆಕ್ಕದ ಸಾಮರ್ಥ್ಯ ಎಷ್ಟಿರಬೇಕು ಎಂಬುದನ್ನು ಮೊದಲೇ ಕೇಳಿ, ಒಪ್ಪಂದದಲ್ಲಿ ಬರೆಸಬೇಕು. ಎಡಿನ್‌ಬರಾ ಇರಲಿ, ಬೇರೆ ಯಾವ ಊರೇ ಇರಲಿ.

ಇನ್ನೊಂದು ಖರ್ಚನ್ನು ಬಜೆಟ್ ಬರೆಯುವವರು ಸುಲಭವಾಗಿ ಮರೆಯುತ್ತಾರೆ. ಒಂದು ಸೂಪರ್‌ಕಂಪ್ಯೂಟರಿನ ಆಯುಸ್ಸು ಐದಾರು ವರ್ಷ. ಅದರಲ್ಲಿ ಓಡುವ ಕೋಡ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಮಿಲೆನಿಯಂ ಸಿಮ್ಯುಲೇಶನ್ ಓಡಿಸಿದ ಯಂತ್ರ ಎಂದೋ ಹೋಯಿತು. ಅದಕ್ಕೆ ಬಳಸಿದ ಗ್ಯಾಜೆಟ್ ಎಂಬ ಕೋಡ್‌ನ ಹೊಸ ರೂಪಗಳು ಈಗಲೂ ಓಡುತ್ತಿವೆ. ಯಂತ್ರಕ್ಕೆ ಕೋಟಿಗಟ್ಟಲೆ ಸುರಿದು, ಕೋಡ್ ಬರೆದು ಕಾಪಾಡುವವರನ್ನು ಎರಡು ಮೂರು ವರ್ಷದ ಗುತ್ತಿಗೆಯಲ್ಲಿ ಇಟ್ಟುಕೊಂಡರೆ, ಮೇಲೆ ಹೇಳಿದ ಯಾವ ಕಥೆಯೂ ಮತ್ತೆ ನಡೆಯುವುದಿಲ್ಲ. ಬ್ರೌಸರ್ ಬರೆದದ್ದು, ಪಗಡೆಯ ವಿಧಾನವನ್ನು ಕೋಡ್‌ಗೆ ಇಳಿಸಿದ್ದು, ಜೂನ್ ಕಟ್ಟಿದ್ದು ಎಲ್ಲ ಇಂಥವರೇ.

ಅವರನ್ನು ಮರೆಯುವ ಅಭ್ಯಾಸವೂ ಹಳೆಯದೇ. 1953ರಲ್ಲಿ ಅದೇ ಮೇನಿಯಾಕ್‌ನಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಸ್ಪ್ರಿಂಗ್‌ನಿಂದ ಜೋಡಿಸಿದ ಕಣಗಳ ಸಾಲನ್ನು ಅಲುಗಿಸಿದರೆ ಶಕ್ತಿ ಎಲ್ಲ ಕಡೆ ಹಂಚಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಶಕ್ತಿ ತಿರುಗಿ ಶುರುವಾದ ಕಡೆಗೇ ಬಂತು. ಗೊಂದಲದ (ಕೇಯಾಸ್) ಗಣಿತ, ಆಕಾರ ಕೆಡದೆ ಸಾಗುವ ಒಂಟಿ ಅಲೆಗಳ ಸಿದ್ಧಾಂತ ಎರಡಕ್ಕೂ ಇದು ದಾರಿ ತೆರೆಯಿತು. 1955ರ ವರದಿಯಲ್ಲಿ ಬರೆದವರು ಎಂದು ಮೂರು ಹೆಸರಿತ್ತು: ಫರ್ಮಿ, ಪಾಸ್ತಾ, ಉಲಾಮ್. ಐವತ್ತು ವರ್ಷ ಎಲ್ಲರೂ ಅದನ್ನು ಆ ಮೂವರ ಸಮಸ್ಯೆ ಎಂದೇ ಕರೆದರು. ಪ್ರೋಗ್ರಾಂ ಬರೆದು ಯಂತ್ರದಲ್ಲಿ ಓಡಿಸಿದವರು ಮೇರಿ ಸಿಂಗೂ. 2008ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಥಿಯರಿ ಡೋಶ್ವಾ ಒಂದು ಲೇಖನದಲ್ಲಿ ಇದನ್ನು ಎತ್ತಿ ಹೇಳಿದರು. ಆಗ ಮೇರಿ ಅವರಿಗೆ ಹತ್ತಿರ ಹತ್ತಿರ ಎಂಬತ್ತು ವರ್ಷ. ಈಗ ಆ ಸಮಸ್ಯೆಯ ಹೆಸರಿನಲ್ಲಿ ಅವರ ಹೆಸರೂ ಸೇರಿದೆ.